ಐನ್‌ಮನೆಗೂ ಲೈನ್‌ಮನೆಗೂ ಒಂದೇ ಪೆರೋಲ್?

ಮೈಸೂರು ಕೇಂದ್ರ ಕಾರಾಗೃಹದಿಂದ ಕೊಡಗಿನ ಪೊಲೀಸ್ ಠಾಣೆಗಳಿಗೆ ಬರುವ ಕಾಗದಗಳಲ್ಲಿ ಒಂದು ಬಗೆಯದರ ಒಕ್ಕಣೆ ಹೆಚ್ಚೂಕಡಿಮೆ ಒಂದೇ ಥರ. ಇಂಥ ಸಂಖ್ಯೆಯ ಸಜಾ ಬಂದಿ ಪೆರೋಲ್‌ಗೆ ಅರ್ಜಿ ಹಾಕಿದ್ದಾನೆ. ಅವನು ಹೇಳಿದ ವಿಳಾಸ ನಿಜವೇ, ಕೊಟ್ಟ ಕಾರಣ ನಿಜವೇ, ಜಾಮೀನು ನಿಲ್ಲುವವರು ಯಾರು, ಅವನು ಊರಿಗೆ ಬಂದರೆ ಶಾಂತಿ ಕದಡುತ್ತದೆಯೇ ಎಂದು ವಿಚಾರಿಸಿ ವರದಿ ಕಳಿಸಿ. ಕಾಗದ ಕುಟ್ಟಕ್ಕೋ ಸಿದ್ದಾಪುರಕ್ಕೋ ನಾಪೋಕ್ಲಿಗೋ ಬರುತ್ತದೆ. ಠಾಣೆಯ ಪೇದೆ ಬೈಕ್ ಹತ್ತಿ ತೋಟದ ರಸ್ತೆಯಲ್ಲಿ ಹೊರಡುತ್ತಾನೆ. ಮನೆಯವರನ್ನು ಕೇಳುತ್ತಾನೆ, ಅಕ್ಕಪಕ್ಕದವರನ್ನು ಕೇಳುತ್ತಾನೆ, ಕೊಲೆ ಪ್ರಕರಣವಾಗಿ ಸತ್ತವರ ಕಡೆಯವರು ಅದೇ ಊರಿನಲ್ಲಿದ್ದರೆ ಅವರನ್ನೂ ಕೇಳುತ್ತಾನೆ. ಅಷ್ಟನ್ನೂ ಕೇಳಿಕೊಂಡು ಬರೆದ ನಾಲ್ಕು ಸಾಲಿನ ಮೇಲೆ ಒಬ್ಬ ಮನುಷ್ಯ ತಿಂಗಳ ಮಟ್ಟಿಗೆ ಮನೆಗೆ ಬರುತ್ತಾನೋ ಇಲ್ಲವೋ ಎಂಬುದು ಬಹುಪಾಲು ನಿಂತಿರುತ್ತದೆ.

ಮಡಿಕೇರಿಯಲ್ಲಿರುವುದು ಜಿಲ್ಲಾ ಕಾರಾಗೃಹ. ಅಲ್ಲಿರುವವರಲ್ಲಿ ಹೆಚ್ಚಿನವರು ವಿಚಾರಣೆ ಎದುರಿಸುತ್ತಿರುವವರು. ದೀರ್ಘ ಶಿಕ್ಷೆಯಾದವರನ್ನು ಸಾಮಾನ್ಯವಾಗಿ ಮೈಸೂರಿಗೆ ಕಳಿಸುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಭಾಗಮಂಡಲದ ಆಚೆಯ ಹಳ್ಳಿಯಿಂದ ಹೊರಟ ತಾಯಿಗೆ ಮಗನನ್ನು ಸಂದರ್ಶನದ ಜಾಲರಿಯ ಹಿಂದೆ ನಿಮಿಷಗಳ ಮಟ್ಟಿಗೆ ನೋಡಿ ಬರಲು ಒಂದು ಇಡೀ ದಿನ, ಒಂದು ದಿನದ ಕೂಲಿ ಮತ್ತು ಬಸ್ಸಿನ ದುಡ್ಡು ಬೇಕು. ಪೆರೋಲ್ ಎಂದರೆ ಅಂಥ ತಾಯಿಯ ಮನೆಗೆ ಮಗನೇ ಬರುವುದು.

ಪೆರೋಲ್ ಎಂಬ ಪದ ಪತ್ರಿಕೆಗಳಲ್ಲಿ ದಿನವೂ ಕಾಣುತ್ತದೆ, ಆದರೂ ಅದನ್ನು ಜಾಮೀನಿನ ಜತೆ ಬೆರೆಸಿ ಮಾತಾಡುವವರೇ ಹೆಚ್ಚು. ಜಾಮೀನು ಕೊಡುವುದು ನ್ಯಾಯಾಲಯ. ಪ್ರಕರಣ ಇನ್ನೂ ಇತ್ಯರ್ಥವಾಗದವರಿಗೆ, ಇಲ್ಲವೇ ಮೇಲ್ಮನವಿ ಬಾಕಿ ಇರುವವರಿಗೆ ಅದು ಸಿಗುತ್ತದೆ. ಪೆರೋಲ್ ಕೊಡುವುದು ಸರ್ಕಾರ, ಅಂದರೆ ಕಾರಾಗೃಹ ಇಲಾಖೆ. ಅದು ಅಪರಾಧ ಸಾಬೀತಾಗಿ ಶಿಕ್ಷೆ ಅನುಭವಿಸುತ್ತಿರುವವರಿಗೆ ಮಾತ್ರ. ಪೆರೋಲ್ ಸಿಕ್ಕಿತೆಂದರೆ ತಪ್ಪು ಮನ್ನಾ ಆಯಿತೆಂದಲ್ಲ, ಶಿಕ್ಷೆ ಕಡಿಮೆಯಾಯಿತೆಂದೂ ಅಲ್ಲ. ಇಂತಿಷ್ಟು ದಿನ ಹೊರಗಿದ್ದು, ಇಂಥ ದಿನ ಇಷ್ಟು ಗಂಟೆಯೊಳಗೆ ಜೈಲಿನ ಬಾಗಿಲಿಗೆ ತಾನಾಗಿ ಬಂದು ನಿಲ್ಲುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟು ಹೊರಡುವ ಷರತ್ತಿನ ರಜೆ ಅದು.

ಅಮೆರಿಕದ ಸಿನಿಮಾ, ಧಾರಾವಾಹಿಗಳಲ್ಲಿ ಕಾಣುವ ಪೆರೋಲ್ ಬೇರೆಯೇ. ಅಲ್ಲಿ ಕೈದಿ ಶಿಕ್ಷೆಯ ಒಂದು ಭಾಗ ಮುಗಿಸಿದ ಮೇಲೆ ಮಂಡಳಿಯೊಂದರ ಮುಂದೆ ಹಾಜರಾಗುತ್ತಾನೆ. ಮಂಡಳಿ ಒಪ್ಪಿದರೆ ಉಳಿದ ಅವಧಿಯನ್ನು ಅಧಿಕಾರಿಯೊಬ್ಬರ ನಿಗಾದಲ್ಲಿ ಹೊರಗೇ ಕಳೆಯುತ್ತಾನೆ, ಷರತ್ತು ಮುರಿಯದಿದ್ದರೆ ಜೈಲಿಗೆ ವಾಪಸು ಹೋಗುವ ಪ್ರಮೇಯವಿರುವುದಿಲ್ಲ. ಅಲ್ಲಿನ ಒಕ್ಕೂಟ ಸರ್ಕಾರದ ಜೈಲುಗಳಲ್ಲಿ 1984ರ ಕಾಯ್ದೆಯೊಂದು ಆ ಪದ್ಧತಿಯನ್ನೇ ನಿಲ್ಲಿಸಿತು, ಹಲವು ರಾಜ್ಯಗಳಲ್ಲಿ ಅದು ಇನ್ನೂ ಇದೆ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದೆಂದರೆ ಸನ್ನಡತೆಯ ಆಧಾರದ ಅವಧಿಪೂರ್ವ ಬಿಡುಗಡೆ. ಅದರ ಮಾತು ಮುಂದೆ ಬರುತ್ತದೆ.

ಇಲ್ಲಿನ ಪೆರೋಲ್ ನಿಯಮಗಳ ಹಿನ್ನೆಲೆ ಹೀಗಿದೆ. ಸ್ವಾತಂತ್ರ್ಯಾನಂತರ ಕೊಡಗು ತನ್ನದೇ ವಿಧಾನಸಭೆಯಿದ್ದ ಪುಟ್ಟ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಅದು ವಿಶಾಲ ಮೈಸೂರಿನಲ್ಲಿ ಸೇರಿತು. ಹಳೆಯ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್ ಪ್ರಾಂತ್ಯಗಳ ಭಾಗಗಳೂ ಕೊಡಗೂ ಒಂದಾದ ರಾಜ್ಯಕ್ಕೆ ಒಂದೇ ಜೈಲು ಕಾನೂನು ಬೇಕಾಗಿತ್ತು. 1963ರ ಕಾರಾಗೃಹ ಕಾಯ್ದೆ ಬಂದದ್ದು ಹಾಗೆ. ನಿಯಮಗಳು 1974ರಲ್ಲಿ ಬಂದವು. ಈಗ ಜೈಲುಗಳ ದಿನನಿತ್ಯದ ವ್ಯವಹಾರ ನಡೆಯುವುದು 2021ರ ಕರ್ನಾಟಕ ಕಾರಾಗೃಹಗಳು ಮತ್ತು ಸುಧಾರಣಾ ಸೇವೆಗಳ ಕೈಪಿಡಿಯಂತೆ. ಪೆರೋಲ್‌ನ ಉದ್ದೇಶ, ಅರ್ಹತೆ, ಕಾರಣ, ಷರತ್ತುಗಳೆಲ್ಲ ಅದರಲ್ಲಿವೆ. ಹತ್ತಿರದವರ ಸಾವು, ಗಂಭೀರ ಕಾಯಿಲೆ, ಮನೆಯಲ್ಲಿ ಮದುವೆ, ಮಳೆಗಾಳಿಗೆ ಬಿದ್ದ ಮನೆಯ ದುರಸ್ತಿ, ಹೊಲಗದ್ದೆಯ ಕೆಲಸ ಇವು ಸಾಮಾನ್ಯವಾಗಿ ಒಪ್ಪುವ ಕಾರಣಗಳು. ಸಾವುನೋವಿನಂಥ ತುರ್ತಿಗೆ ಕೆಲವೇ ದಿನಗಳ ತುರ್ತು ಪೆರೋಲ್, ಉಳಿದದ್ದಕ್ಕೆ ಸಾಮಾನ್ಯ ಪೆರೋಲ್.

ತುರ್ತು ಎಂದರೂ ಅದು ಕಾಗದದ ವೇಗದಲ್ಲೇ ನಡೆಯಬೇಕು. ಕೊಡಗಿನಲ್ಲಿ ಸತ್ತ ದಿನವೋ ಮರುದಿನವೋ ಸಂಸ್ಕಾರ ಮುಗಿದುಹೋಗುತ್ತದೆ. ಸಾವಿನ ಸುದ್ದಿ ಜೈಲು ಮುಟ್ಟಿ, ಅರ್ಜಿಯಾಗಿ, ಠಾಣೆ ಸುದ್ದಿಯನ್ನು ಖಚಿತಪಡಿಸಿ, ಆದೇಶವಾಗಿ, ಬೆಂಗಾವಲು ಬೇಕಿದ್ದರೆ ಅದೂ ಸಿದ್ಧವಾಗಿ ಕೈದಿ ಘಟ್ಟ ಹತ್ತುವ ಹೊತ್ತಿಗೆ ಅಪ್ಪನ ಮುಖ ಕಾಣಲು ಉಳಿದಿರುವುದಿಲ್ಲ. ಅಂಥವರಿಗೆ ಸಿಗುವುದು ಹನ್ನೊಂದನೆಯ ದಿನದ ಕರ್ಮವೋ ಕೊಡವರ ತಿಥಿಯಾದ ಮಾದವೋ ಅಷ್ಟೆ.

ಇಲಾಖೆ ಇಲ್ಲ ಎಂದರೆ ಉಳಿಯುವ ದಾರಿ ಹೈಕೋರ್ಟಿನ ರಿಟ್ ಅರ್ಜಿ. ಕಳೆದ ಕೆಲವು ವರ್ಷಗಳಲ್ಲಿ ಕರ್ನಾಟಕ ಹೈಕೋರ್ಟ್ ಕೊಟ್ಟ ಪೆರೋಲ್ ಆದೇಶಗಳನ್ನು ಒಟ್ಟಿಗೆ ಓದಿದರೆ ಕಾನೂನು ಮನುಷ್ಯನ ಬದುಕಿಗೆ ಎಷ್ಟು ಹತ್ತಿರ ಬರಬಲ್ಲದು ಎಂಬುದು ತಿಳಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಕೋಲಾರ ಜಿಲ್ಲೆಯ ಯುವತಿಯೊಬ್ಬಳು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠದ ಮುಂದೆ ಬಂದಳು. ಅವಳು ವರ್ಷಗಳಿಂದ ಪ್ರೀತಿಸುತ್ತಿದ್ದವನು ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿ ಜೈಲಿನಲ್ಲಿದ್ದ. ಅವನು ಹೊರಬರದಿದ್ದರೆ ಮನೆಯವರು ತನ್ನನ್ನು ಬೇರೆಯವರಿಗೆ ಕೊಟ್ಟು ಮದುವೆ ಮಾಡುತ್ತಾರೆ ಎಂಬುದು ಅವಳ ಅಹವಾಲು. ತನ್ನದೇ ಮದುವೆಗೆ ಪೆರೋಲ್ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂಬುದು ಸರ್ಕಾರದ ವಾದ. ಅಸಾಧಾರಣ ಸಂದರ್ಭದಲ್ಲಿ ಬಿಡಬಹುದೆಂದು ಕೈಪಿಡಿಯೇ ಹೇಳುತ್ತದೆ, ಇದು ಅಂಥದ್ದೇ ಸಂದರ್ಭ ಎಂದು ಪೀಠ 15 ದಿನದ ಪೆರೋಲ್ ಕೊಟ್ಟಿತು. ಮದುವೆ ಆಯಿತು. 2024ರಲ್ಲಿ ಅದೇ ಹೆಂಡತಿ ಮತ್ತೆ ನ್ಯಾಯಾಲಯಕ್ಕೆ ಬಂದು, ಮಗು ಬೇಕು, ಗಂಡನನ್ನು ಕಳಿಸಿಕೊಡಿ ಎಂದು ಕೇಳಿದಳು. ನ್ಯಾಯಮೂರ್ತಿ ಎಸ್.ಆರ್. ಕೃಷ್ಣಕುಮಾರ್ ಅವರ ಪೀಠ 30 ದಿನ ಕೊಟ್ಟಿತು. ಈ ಎರಡು ಆದೇಶಗಳನ್ನು ಓದಿ ಮೂಗು ಮುರಿದವರೂ ಇದ್ದರು. ಆದರೆ ಶಿಕ್ಷೆಯಾಗಿದ್ದು ಗಂಡನಿಗೆ. ಅವಳ ತಾಯ್ತನವನ್ನೂ ಹತ್ತು ವರ್ಷ ಬಂಧಿಸಿಡಲು ಯಾವ ನ್ಯಾಯಾಧೀಶರೂ ತೀರ್ಪು ಬರೆದಿರಲಿಲ್ಲ.

ಮೂರನೆಯದು ಬೇಸಾಯದ ಸಂಗತಿ. ಕನಕಪುರ ತಾಲ್ಲೂಕಿನ ಒಬ್ಬ ಕೈದಿ ಹನ್ನೊಂದು ವರ್ಷದಿಂದ ಒಳಗಿದ್ದ, ಒಮ್ಮೆಯೂ ಪೆರೋಲ್ ಮೇಲೆ ಬಂದಿರಲಿಲ್ಲ. ಅಪ್ಪನ ಹೆಸರಿನ ಜಮೀನಿದೆ, ಉಳಲು ಮನೆಯಲ್ಲಿ ಗಂಡಾಳಿಲ್ಲ ಎಂದು ಕೇಳಿಕೊಂಡ. 2024ರ ಕೊನೆಯಲ್ಲಿ ಹೈಕೋರ್ಟ್ ಅವನಿಗೆ 90 ದಿನ ಕೊಟ್ಟಿತು.

ಈ ಕನಕಪುರದ ಆದೇಶವನ್ನು ಕೊಡಗಿಗೆ ತಂದು ನೋಡಬೇಕು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ಇದು. ನವೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕೊಯ್ಲು. ಆಮೇಲೆ ಹೂಮಳೆಯ ಕಾಯುವಿಕೆ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಓಡಾಟ. ಎರಡು ಮೂರು ಎಕರೆಯ ಸಣ್ಣ ಬೆಳೆಗಾರನ ಮನೆಯ ಗಂಡಸು ಜೈಲಿನಲ್ಲಿದ್ದರೆ ಆ ತಿಂಗಳುಗಳಲ್ಲಿ ಮನೆಯ ಹೆಂಗಸಿನ ಮೇಲೆ ಬೀಳುವ ಭಾರ ಏನೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಕೊಯ್ಲಿಗೆ ಆಳು ಸಿಗದೆ ಹಣ್ಣು ಗಿಡದಲ್ಲೇ ಒಣಗಿ ಉದುರಿದರೆ ವರ್ಷದ ಆದಾಯವೇ ಹೋದಂತೆ. ಹೊಲದ ಕೆಲಸಕ್ಕೆ ಪೆರೋಲ್ ಉಂಟು ಎಂಬುದು ಇಂಥ ಮನೆಗಳಿಗೆ ನೇರವಾಗಿ ಸಲ್ಲುವ ಮಾತು. ಹೀಗೊಂದು ದಾರಿ ಇದೆ ಎಂಬುದೇ ಎಷ್ಟೋ ಮನೆಗಳಿಗೆ ತಿಳಿದಿಲ್ಲ.

ಆದರೆ ಜಮೀನಿದ್ದರೂ ಕಾಗದ ಬೇಕು. ಜಾಮೀನುದಾರನ ಪಹಣಿ ಕೇಳಿದಾಗ ಕೊಡಗಿನ ಹಳೆಯ ತೊಡಕು ಎದುರಾಗುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನುಗಳ ದಾಖಲೆ ಎಷ್ಟೋ ಕಡೆ ಇಂದಿಗೂ ಪಟ್ಟೆದಾರರ ಹೆಸರಿನಲ್ಲಿದೆ, ಆ ಪಟ್ಟೆದಾರರು ತೀರಿಹೋಗಿ ತಲೆಮಾರುಗಳೇ ಕಳೆದಿವೆ. ಉತ್ತು ಬೆಳೆಯುವವನ ಹೆಸರು ಎಲ್ಲೋ ಕೆಳಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಹಾಗಿದ್ದರೂ ಐನ್‌ಮನೆ ಎಂಬ ಮನೆತನದ ಮೂಲಮನೆ ಇದ್ದವರಿಗೆ ಒಕ್ಕ ಎಂಬ ಕುಲದ ಬಳಗ ಇದೆ, ಊರಿನವರ ಪರಿಚಯ ಇದೆ. ಯಾರಾದರೂ ಒಬ್ಬ ನೆಂಟ ಠಾಣೆಗೆ ಬಂದು ಸಹಿ ಹಾಕುತ್ತಾನೆ. ಪೇದೆ ವಿಚಾರಣೆಗೆ ಹೋದಾಗ ಇಂಥವರ ಮಗ ಎಂದು ಹೇಳುವವರು ಸಿಗುತ್ತಾರೆ.

ಲೈನ್‌ಮನೆಯವರ ಪಾಡು ಅದಲ್ಲ. ತೋಟದ ನಡುವೆ ಒಂದೇ ಸಾಲಿನಲ್ಲಿ ಕಟ್ಟಿದ, ಒಂದೊಂದು ಕೋಣೆಯ ಆ ಮನೆಗಳು ತೋಟದ ಸಾಹುಕಾರರವು. ಕೆಲಸ ಇರುವತನಕ ಮನೆ. ಗಂಡ ಕೊಲೆ ಮೊಕದ್ದಮೆಯಲ್ಲಿ ಜೈಲಿಗೆ ಹೋದರೆ ಹೆಂಡತಿ ಅದೇ ಲೈನಿನಲ್ಲಿ ಉಳಿಯುತ್ತಾಳೆಂಬ ಭರವಸೆ ಇಲ್ಲ. ಇನ್ನೊಂದು ತೋಟಕ್ಕೆ ಹೋಗಬಹುದು, ತವರಿನ ಹಾಡಿಗೆ, ಅಂದರೆ ಆದಿವಾಸಿಗಳ ಕೇರಿಗೆ, ಹಿಂದಿರುಗಬಹುದು. ಯರವ, ಜೇನುಕುರುಬ, ಪಣಿಯ ಕುಟುಂಬಗಳ ಮಟ್ಟಿಗೆ ಇದು ತಲೆತಲಾಂತರದ ಅಲೆತ. ಐದು ವರ್ಷದ ಹಿಂದೆ ಆರೋಪಪಟ್ಟಿಯಲ್ಲಿ ಬರೆದ ವಿಳಾಸಕ್ಕೆ ಪೇದೆ ಹೋದರೆ ಅಲ್ಲಿ ಬೇರೆ ಯಾರದೋ ಸಂಸಾರ ಇರುತ್ತದೆ. ತೋಟದ ರೈಟರ್ ಬದಲಾಗಿರುತ್ತಾನೆ, ಮೇಸ್ತ್ರಿಗೆ ಹೆಸರು ನೆನಪಿರುವುದಿಲ್ಲ. ವಿಳಾಸದಲ್ಲಿ ಯಾರೂ ಇಲ್ಲ ಎಂದು ವರದಿ ಹೋದರೆ ಅರ್ಜಿ ಅಲ್ಲಿಗೇ ನಿಂತಂತೆ. ಅವನ ನಡತೆ ಜೈಲಿನಲ್ಲಿ ಎಷ್ಟೇ ಚೆನ್ನಾಗಿರಲಿ, ಅವನನ್ನು ತಡೆದದ್ದು ಅವನ ಅಪರಾಧವಲ್ಲ, ಸ್ವಂತದ ಸೂರು ಇಲ್ಲದ್ದು.

ಊರೇ ಎದ್ದು ಬೇರೆಡೆಗೆ ಹೋದ ಉದಾಹರಣೆಗಳೂ ಈ ಜಿಲ್ಲೆಯಲ್ಲಿವೆ. 2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ತೆರವುಗೊಳಿಸಿತು. ದೊಡ್ಡ ಹೋರಾಟವಾಗಿ, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕಿನ ಬೆಟ್ಟದ ಮನೆಗಳು ನೆಲಸಮವಾದವು. ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಹೊಸ ಬಡಾವಣೆಗಳಾದವು. ಆ ವರ್ಷಗಳಲ್ಲಿ ಒಳಗಿದ್ದವನೊಬ್ಬನ ಕಡತದಲ್ಲಿ ಹಳೆಯ ಊರೇ ಉಳಿದಿದ್ದರೆ ಅವನ ಮನೆಯನ್ನು ಹುಡುಕುವ ಹೊಣೆ ಯಾರದು? ನಿಯಮ ಆ ಹೊಣೆಯನ್ನು ಯಾರ ಹೆಗಲಿಗೂ ಸ್ಪಷ್ಟವಾಗಿ ಹೊರಿಸದಿದ್ದರೆ ಅದು ಕೊನೆಗೆ ಬೀಳುವುದು ಕೈದಿಯ ಮೇಲೆಯೇ.

ಜಾಮೀನಿನ ವಿಚಾರದಲ್ಲಿ ಈ ಅನ್ಯಾಯವನ್ನು ಸುಪ್ರೀಂ ಕೋರ್ಟ್ 1978ರಲ್ಲೇ ಗುರುತಿಸಿತ್ತು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಕೆಳಗಿನ ನ್ಯಾಯಾಲಯ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿತ್ತು. ಜಾಮೀನು ನಿಲ್ಲಲು ಬಂದ ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಜಾಮೀನುದಾರನನ್ನೂ ತಿರಸ್ಕರಿಸಿತ್ತು. ಮೋತಿರಾಮ್ ಪ್ರಕರಣವೆಂದು ಹೆಸರಾದ ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಬಡವನ ಹತ್ತಿರ ಇಲ್ಲದ್ದನ್ನು ಕೇಳಿ ಅವನ ಬಿಡುಗಡೆಯನ್ನು ತಡೆಯುವುದು ನ್ಯಾಯವಲ್ಲ, ಬೇರೆ ಜಿಲ್ಲೆಯವನೆಂಬ ಕಾರಣಕ್ಕೆ ಜಾಮೀನುದಾರನನ್ನು ತಳ್ಳಿಹಾಕುವಂತಿಲ್ಲ, ಸ್ವಂತ ಮುಚ್ಚಳಿಕೆಯ ಮೇಲೂ ಬಿಡಬಹುದು ಎಂಬುದು ಅದರ ಸಾರ. ಕೃಷ್ಣ ಅಯ್ಯರ್ ವಕೀಲಿಕೆ ಮಾಡಿದ್ದು ತಲಶ್ಶೇರಿಯಲ್ಲಿ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಸಿಗುವ ಊರದು. 1948ರಲ್ಲಿ ಅವರೂ ತಿಂಗಳ ಕಾಲ ಜೈಲಿನಲ್ಲಿದ್ದವರು. 1957ರಲ್ಲಿ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಜೈಲು ಖಾತೆಯನ್ನೂ ನೋಡಿಕೊಂಡರು. ಜೈಲನ್ನು ಎರಡು ಕಡೆಯಿಂದಲೂ ಕಂಡವರು ಬರೆದ ತೀರ್ಪು ಅದು. ಅದು ಜಾಮೀನಿನ ಕಾನೂನಾದರೂ ಅದರ ತಿರುಳು ಪೆರೋಲ್‌ಗೂ ಸಲ್ಲಬೇಕು.

ಇನ್ನೊಂದು ಗುಂಪಿಗೆ ಪೆರೋಲ್‌ನ ಬಾಗಿಲೇ ಇಲ್ಲ, ಅವರು ವಿಚಾರಣಾಧೀನರು. ಅಪರಾಧ ಸಾಬೀತಾಗದವನಿಗೆ ಪೆರೋಲ್ ಅನ್ವಯಿಸದು. ಅವನಿಗೆ ಇರುವುದು ಜಾಮೀನು ಮಾತ್ರ, ಜಾಮೀನು ನಿಲ್ಲುವವರು ಸಿಗದಿದ್ದರೆ ಅದೂ ಇಲ್ಲ. ಕುಶಾಲನಗರ ಭಾಗದ ಒಬ್ಬ ಆದಿವಾಸಿ ಕಾರ್ಮಿಕನ ಪ್ರಕರಣ ನಾಡಿಗೆಲ್ಲ ಗೊತ್ತು. ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟವನೇ ಅವನು. ಪಿರಿಯಾಪಟ್ಟಣದ ಬೆಟ್ಟದಪುರದ ಕಡೆ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ಪೊಲೀಸರು ಅವನ ಮೇಲೆ ಕೊಲೆ ಮೊಕದ್ದಮೆ ಹೂಡಿದರು. ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಡಿಎನ್‌ಎ ಹೊಂದಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದಳು. ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಜೈಲಿನಲ್ಲಿ ಕಳೆದ ಕಾಲ ಒಬ್ಬ ಕೂಲಿಯವನ ಸಂಸಾರಕ್ಕೆ ಏನು ಮಾಡುತ್ತದೆ ಎಂದು ತಿಳಿಯಲು ಬೇರೆ ದಾಖಲೆ ಬೇಡ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಅವನನ್ನು ಬಿಡಬೇಕು. ಆದರೆ ಗಲ್ಲು ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಕುಶಾಲನಗರದಂಥ ಪ್ರಕರಣದಲ್ಲಿ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ.

ಪೆರೋಲ್ ಎಂದೊಡನೆ ಜನ ಮುನಿಯುವುದಕ್ಕೂ ಕಾರಣಗಳಿವೆ. ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದ ಅಪರಾಧಿ 2009ರಲ್ಲಿ ತಾಯಿಗೆ ಹುಷಾರಿಲ್ಲವೆಂದು ಪೆರೋಲ್ ಪಡೆದು ದೆಹಲಿಯ ನೈಟ್‌ಕ್ಲಬ್‌ನಲ್ಲಿ ಕಾಣಿಸಿಕೊಂಡದ್ದು ದೇಶಾದ್ಯಂತ ಸುದ್ದಿಯಾಯಿತು. ಅತ್ಯಾಚಾರ ಪ್ರಕರಣದಲ್ಲಿ 2017ರಲ್ಲಿ 20 ವರ್ಷದ ಶಿಕ್ಷೆಯಾದ ಡೇರಾ ಸಚ್ಚಾ ಸೌದಾದ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್ ಸಿಂಗ್ ಹರಿಯಾಣದ ಜೈಲಿನಿಂದ ಮತ್ತೆ ಮತ್ತೆ ಹೊರಬರುತ್ತಿರುವುದನ್ನು ಜನ ನೋಡುತ್ತಲೇ ಇದ್ದಾರೆ. ನಮ್ಮ ಪರಪ್ಪನ ಅಗ್ರಹಾರದಿಂದ ತಮಿಳುನಾಡಿನ ರಾಜಕಾರಣಿ ವಿ.ಕೆ. ಶಶಿಕಲಾ 2017ರ ಅಕ್ಟೋಬರ್‌ನಲ್ಲಿ ಕಾಯಿಲೆ ಬಿದ್ದ ಗಂಡನನ್ನು ನೋಡಲು ಐದು ದಿನ ಚೆನ್ನೈಗೆ ಹೋಗಿದ್ದರು, ಮರುವರ್ಷ ಗಂಡ ತೀರಿಕೊಂಡಾಗ ಮತ್ತೆ ಪೆರೋಲ್ ಪಡೆದರು. ಅವರಿಗೆ ಪೆರೋಲ್ ಸಿಕ್ಕಿದ್ದು ತಪ್ಪಲ್ಲ, ಗಂಡನ ಸಾವು ಎಲ್ಲರಿಗೂ ಸಾವೇ. ಜನರನ್ನು ಕೆಣಕುವುದು ಬೇರೆ: ಕೆಲವರ ಅರ್ಜಿ ಎರಡು ದಿನದಲ್ಲಿ ಮುಂದೆ ಹೋಗುತ್ತದೆ, ಕನಕಪುರದ ರೈತ ಹನ್ನೊಂದು ವರ್ಷ ಕಾಯುತ್ತಾನೆ. ಆ ಸಿಟ್ಟನ್ನು ಪೆರೋಲ್ ಎಂಬ ವ್ಯವಸ್ಥೆಯ ಮೇಲೆ ತೀರಿಸಿಕೊಂಡರೆ ಪೆಟ್ಟು ಬೀಳುವುದು ರೈತನ ಮೇಲೆ.

ಕೊಲೆಯಾದವರ ಮನೆಯವರ ಮಾತನ್ನು ಇಲ್ಲಿ ಬಿಡಲಾಗದು. ಬೆಂಗಳೂರಿನಂಥ ಊರಿನಲ್ಲಿ ಪೆರೋಲ್ ಮೇಲೆ ಬಂದವನು ಅವರ ಕಣ್ಣಿಗೆ ಬೀಳದೆ ಇರಬಹುದು. ಕೊಡಗಿನಲ್ಲಿ ಅದು ಸಾಧ್ಯವಿಲ್ಲ. ಪಕ್ಕದ ತೋಟ, ಅದೇ ಸಂತೆ, ಅದೇ ಬಸ್ಸು. ಜಾಗದ ತಕರಾರಿನಿಂದ ಹುಟ್ಟಿದ ಕೊಲೆಯಾದರೆ ಎರಡೂ ಮನೆಗಳು ಒಂದೇ ಬೇಲಿ ಹಂಚಿಕೊಂಡಿರುತ್ತವೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಮುಂದುವರಿದಿದೆ. ಮನೆಮನೆಯಲ್ಲಿ ಕೋವಿ ಇರುವ ನಾಡಿನಲ್ಲಿ ಸೇಡಿನ ಅಂಜಿಕೆ ಎರಡೂ ಕಡೆಗಿರುತ್ತದೆ. ಹಾಗಾಗಿ ಪೊಲೀಸ್ ವರದಿ ಬೇಡವೆನ್ನಲು ಬಾರದು. ಆದರೆ ವರದಿ ಎಂದರೆ ಶಾಂತಿಭಂಗವಾಗಬಹುದು ಎಂಬ ಒಂದೇ ಸಿದ್ಧವಾಕ್ಯವಾಗಬಾರದು. ಯಾರಿಗೆ ಯಾರಿಂದ ಅಪಾಯ, ಬೇರೆ ತಾಲ್ಲೂಕಿನ ನೆಂಟರ ಮನೆಯಲ್ಲಿ ಉಳಿಸಿದರೆ ಆಗದೇ ಎಂದೆಲ್ಲ ಅದು ಹೇಳಬೇಕು. ಅಪರಾಧ ಗಂಭೀರವಾದದ್ದು ಎಂಬುದೊಂದೇ ಪೆರೋಲ್ ನಿರಾಕರಿಸಲು ಕಾರಣವಾಗದು, ಕುಟುಂಬದ ನಂಟು ಕಡಿಯದಂತೆ ನೋಡಿಕೊಳ್ಳುವುದೂ ಸುಧಾರಣೆಯ ಭಾಗ ಎಂದು ಅಶ್ಫಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕೈದಿ ಮತ್ತೆ ಅಪರಾಧ ಮಾಡುವ ಸಂಭವ, ಸಮಾಜದ ಹಿತ ಇವನ್ನೂ ತೂಗಿ ನೋಡಬೇಕು ಎಂದು ಅದೇ ತೀರ್ಪು ಎಚ್ಚರಿಸಿದೆ.

ಪೆರೋಲ್ ಮೇಲೆ ಬಂದವನು ಆ ದಿನಗಳಲ್ಲಿ ಏನು ಮಾಡುತ್ತಾನೆ? ಷರತ್ತಿನಂತೆ ಠಾಣೆಗೆ ಹೋಗಿ ಸಹಿ ಹಾಕುತ್ತಾನೆ. ಹೇಳಿದ ಊರು ಬಿಟ್ಟು ಹೋಗುವಂತಿಲ್ಲ. ಉಳಿದದ್ದು ಕಾನೂನಿನ ಪುಸ್ತಕದಲ್ಲಿ ಇಲ್ಲದ ಕೆಲಸ. ಜೈಲಿಗೆ ಹೋಗುವಾಗ ತೊಟ್ಟಿಲಲ್ಲಿದ್ದ ಮಗಳು ಶಾಲೆಗೆ ಹೋಗುತ್ತಿರುತ್ತಾಳೆ, ಇವನನ್ನು ಅಪ್ಪ ಎಂದು ಕರೆಯಲು ಹಿಂಜರಿಯುತ್ತಾಳೆ. ಅಂಗಡಿಯಲ್ಲಿ ಎಲ್ಲರೂ ಫೋನ್ ಹಿಡಿದು ದುಡ್ಡು ಕೊಡುತ್ತಾರೆ, ಇವನ ಕೈಯಲ್ಲಿ ನೋಟು. ಮನೆಯ ಸಾಲ ಎಷ್ಟೆಂದು ಹೆಂಡತಿ ಸಂದರ್ಶನದ ಕಿಟಕಿಯಲ್ಲಿ ಹೇಳಿರುವುದಿಲ್ಲ, ಈಗ ಗೊತ್ತಾಗುತ್ತದೆ. ಒಂದಷ್ಟು ದಿನ ಇದೆಲ್ಲ ಕಂಡವನಿಗೆ ಪೂರ್ತಿ ಬಿಡುಗಡೆಯಾದ ದಿನ ಹೊರಗಿನ ಲೋಕ ಅಷ್ಟು ಅಪರಿಚಿತವಾಗಿರುವುದಿಲ್ಲ. ಪೆರೋಲ್ ಇಲ್ಲದೆ ಹದಿನಾಲ್ಕು ವರ್ಷ ಕಳೆದವನು ಒಂದೇ ದಿನದಲ್ಲಿ ಇಷ್ಟನ್ನೂ ಎದುರಿಸಬೇಕು.

ಬಂದಿಗೂ ಹೊರಗಿನ ಲೋಕಕ್ಕೂ ನಂಟು ಉಳಿಯಬೇಕೆಂಬುದನ್ನು ಕರ್ನಾಟಕದ ಕೆಲವರು ಮೊದಲೇ ಅರಿತು ಕೆಲಸ ಮಾಡಿದ್ದಾರೆ. ಮೈಸೂರು ರಂಗಾಯಣದ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿ ತೊಂಬತ್ತರ ದಶಕದಿಂದ ಬಳ್ಳಾರಿ, ಮೈಸೂರು ಮೊದಲಾದ ಜೈಲುಗಳ ಬಂದಿಗಳಿಗೆ ನಾಟಕ ಕಲಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದರು. ಗಿರೀಶ ಕಾರ್ನಾಡರ ‘ತಲೆದಂಡ’ವನ್ನು ಬಂದಿಗಳು ಆಡಿದರು. ಹೊರಗಿನ ಬದುಕಿಗೆ ತಾನಾಗಿ ಮರಳಿದ ಬಂದಿಗಳೂ ಇದ್ದಾರೆ. ಕಲಬುರಗಿಯಲ್ಲಿ ವೈದ್ಯಕೀಯ ಓದುತ್ತಿದ್ದ ವಿದ್ಯಾರ್ಥಿಯೊಬ್ಬ 2002ರಲ್ಲಿ ಕೊಲೆ ಪ್ರಕರಣದಲ್ಲಿ ಬಂಧಿತನಾಗಿ ಜೀವಾವಧಿ ಶಿಕ್ಷೆಗೆ ಗುರಿಯಾದ. ಜೈಲಿನ ಆಸ್ಪತ್ರೆಯಲ್ಲಿ ನೆರವಾಗುತ್ತಾ ಇದ್ದು, 2016ರಲ್ಲಿ ಸನ್ನಡತೆಯ ಮೇಲೆ ಬಿಡುಗಡೆಯಾದ. ನಿಂತುಹೋದ ಎಂಬಿಬಿಎಸ್ ಓದನ್ನು 2019ರಲ್ಲಿ ಮುಗಿಸಿ ವೈದ್ಯನಾದ.

ಅವಧಿಪೂರ್ವ ಬಿಡುಗಡೆಗೂ ಪೆರೋಲ್‌ಗೂ ಒಂದು ಗಂಟಿದೆ. ಗಲ್ಲು ಶಿಕ್ಷೆಯೂ ಆಗಬಹುದಾಗಿದ್ದ ಅಪರಾಧಕ್ಕೆ ಜೀವಾವಧಿಯಾದವರು ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯಲೇಬೇಕೆಂದು 1978ರಲ್ಲಿ ಕಾನೂನಿಗೆ ಸೇರಿಸಿದರು, ಹೊಸ ಸಂಹಿತೆಯಲ್ಲೂ ಅದು ಹಾಗೆಯೇ ಇದೆ. ಪೆರೋಲ್ ಮೇಲೆ ಹೊರಗಿದ್ದ ದಿನಗಳು ಈ 14 ವರ್ಷದಲ್ಲಿ ಸೇರುತ್ತವೆಯೇ? ಸೇರುವುದಿಲ್ಲ ಎಂದು ಗೋವಾದ ಕೈದಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತೀರ್ಮಾನಿಸಿತು. ಸೇರಿಸಿದರೆ ಪ್ರಭಾವಿಗಳು ಮೇಲಿಂದ ಮೇಲೆ ಪೆರೋಲ್ ಪಡೆದು ಶಿಕ್ಷೆಯನ್ನೇ ಹುಸಿಯಾಗಿಸುತ್ತಾರೆ ಎಂಬುದು ನ್ಯಾಯಾಲಯದ ಆತಂಕ. ಆತಂಕ ಸಕಾರಣವಾದದ್ದೇ. ಆದರೆ ಲೆಕ್ಕ ಎಲ್ಲರಿಗೂ ಒಂದೇ. ವರ್ಷಕ್ಕೆ 30 ದಿನದಂತೆ ಹತ್ತು ವರ್ಷ ಕೊಯ್ಲಿಗೆ ಬಂದುಹೋದವನಿಗೆ ಹತ್ತು ತಿಂಗಳು ಮುಂದಕ್ಕೆ ಹೋಗುತ್ತದೆ. ಬರುವ ಮೊದಲೇ ಅವನಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು. ಹೇಳುವವರು ಇಲ್ಲದಿದ್ದರೆ ಬಿಡುಗಡೆಯ ಪಟ್ಟಿಯಲ್ಲಿ ತನ್ನ ಹೆಸರು ಯಾಕಿಲ್ಲ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಕೊರೊನಾ ಕಾಲದಲ್ಲಿ ಈ ವ್ಯವಸ್ಥೆ ದೊಡ್ಡ ಪರೀಕ್ಷೆಗೆ ಒಳಗಾಯಿತು. ಜೈಲುಗಳಲ್ಲಿ ಸೋಂಕು ಹರಡದಂತೆ ಕೆಲವು ವರ್ಗದ ಕೈದಿಗಳನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಲು ಪ್ರತಿ ರಾಜ್ಯವೂ ಉನ್ನತಾಧಿಕಾರ ಸಮಿತಿ ರಚಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್ 23ರಂದು ಆದೇಶಿಸಿತು. ಹಾಗೆ ಹೊರಬಂದವರು 15 ದಿನದೊಳಗೆ ಶರಣಾಗಬೇಕೆಂದು 2023ರ ಮಾರ್ಚ್‌ನಲ್ಲಿ ಹೇಳಿತು. ಮೂರು ವರ್ಷ ಹೊರಗೆ ದುಡಿದು, ಸಂಸಾರ ನಡೆಸಿದವರು ಮತ್ತೆ ಬ್ಯಾಗು ಹೊತ್ತು ಜೈಲಿಗೆ ಹೊರಟ ಆ ದಿನಗಳ ಬಗ್ಗೆ ನಮ್ಮಲ್ಲಿ ಬರೆದವರು ಕಡಿಮೆ.

ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾರಾಗೃಹ ಕಾಯ್ದೆಯಲ್ಲಿ, ಜಾಡು ಹಿಡಿಯುವ ಎಲೆಕ್ಟ್ರಾನಿಕ್ ಸಾಧನ ತೊಡಲು ಒಪ್ಪುವ ಕೈದಿಗೆ ರಜೆ ಕೊಡಬಹುದು ಎಂಬ ಸೂಚನೆ ಇದೆ. ಓಡಿಹೋಗುವ ಭಯಕ್ಕೆ ಅದು ಉತ್ತರವಾಗಬಹುದು. ಸಿಗ್ನಲ್ಲೇ ಸಿಗದ ಬೆಟ್ಟದ ಹಳ್ಳಿಗಳಲ್ಲಿ ಅದರ ಗತಿ ಏನು, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಮನೆಯಲ್ಲಿ ಅದನ್ನು ಚಾರ್ಜ್ ಮಾಡುವುದು ಹೇಗೆ ಎಂಬುದನ್ನು ಮಾತ್ರ ಇಲ್ಲಿಯವರನ್ನು ಕೇಳಿಯೇ ತೀರ್ಮಾನಿಸಬೇಕು.

ಕೊಡಗಿಗೆ ಅದಕ್ಕಿಂತ ಮೊದಲು ಬೇಕಾದದ್ದು ಸರಳವಾದ ಕೆಲವು ಒಪ್ಪಿಗೆಗಳು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕುಪತ್ರವನ್ನು, ಅದೂ ಇಲ್ಲದಿದ್ದರೆ ಗ್ರಾಮ ಪಂಚಾಯಿತಿ ಕೊಡುವ ವಾಸದ ದೃಢೀಕರಣವನ್ನು ವಿಳಾಸವೆಂದು ಒಪ್ಪಬೇಕು. ಪಹಣಿ ಇಲ್ಲದವನಿಗೆ ಹಾಡಿಯ ಹಿರಿಯರೋ ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘವೋ ಹೊಣೆ ನಿಲ್ಲುವುದಾದರೆ ಅದನ್ನು ಪರಿಗಣಿಸಬೇಕು, ಇಲ್ಲವೇ ಸ್ವಂತ ಮುಚ್ಚಳಿಕೆ ಸಾಕೆನ್ನಬೇಕು. ಮನೆ ಬದಲಾದ ಕುಟುಂಬವನ್ನು ಹುಡುಕುವ ಕೆಲಸವನ್ನು ಠಾಣೆಗೇ ವಹಿಸಿ, ಸಿಗಲಿಲ್ಲ ಎಂಬ ವರದಿ ಕಳಿಸುವ ಮುನ್ನ ಎಲ್ಲೆಲ್ಲಿ ಹುಡುಕಿದರೆಂದು ಬರೆಸಬೇಕು.

ಜೈಲಿನಲ್ಲಿರುವವರೆಲ್ಲರಿಗೂ ಉಚಿತ ಕಾನೂನು ನೆರವು ಹಕ್ಕಾಗಿ ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಪೆರೋಲ್ ಅರ್ಜಿ ತಿರಸ್ಕಾರವಾದಾಗ ಹೈಕೋರ್ಟಿಗೆ ಹೋಗಲು ವಕೀಲರು ಬೇಕೆಂದರೂ ಆ ನೆರವು ಕೇಳಬಹುದು. ದಂಡ ಕಟ್ಟಲಾಗದೆ ಶಿಕ್ಷೆ ಮುಗಿದರೂ ಒಳಗುಳಿದ ಬಡ ಬಂದಿಗಳಿಗೆ 25,000 ರೂಪಾಯಿವರೆಗೆ, ಜಾಮೀನು ಹಣವಿಲ್ಲದ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ನೆರವಾಗುವ ಯೋಜನೆಯನ್ನೂ ಕೇಂದ್ರ 2023ರಲ್ಲಿ ತಂದಿತು. ಕರ್ನಾಟಕದ ಜೈಲುಗಳಲ್ಲಿ ದುಡಿಯುವ ಸಜಾ ಬಂದಿಗಳ ದಿನಗೂಲಿಯನ್ನು ಸರ್ಕಾರ ಕೌಶಲಕ್ಕೆ ತಕ್ಕಂತೆ 524 ರೂಪಾಯಿಯಿಂದ 663 ರೂಪಾಯಿವರೆಗೆ ನಿಗದಿಪಡಿಸಿರುವುದರಿಂದ ಪೆರೋಲ್ ಮೇಲೆ ಬರುವವನು ಬರಿಗೈಯಲ್ಲಿ ಬರಬೇಕಿಲ್ಲ. ಮಡಿಕೇರಿಯ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ, ಅಲ್ಲಿಗೆ ಬರಲಾಗದವರು 15100ಕ್ಕೆ ಕರೆ ಮಾಡಬಹುದು.